ಲೈಸೆನ್ಸ್ ಎಂಬ ಅಮಾನತ್: ಗಲ್ಫ್ ರಸ್ತೆಗಿಳಿಯುವ ಮುನ್ನ

ಗಲ್ಫಿಗೆ ಹೊರಟು ನಿಂತ ಹುಡುಗನಿಗೆ ನಮ್ಮ ಕರಾವಳಿಯ ಹಿರಿಯರು ತಪ್ಪದೆ ಹೇಳುವ ಮಾತೊಂದಿದೆ: "ಹೋದ ಕೂಡಲೇ ಲೈಸೆನ್ಸ್ ಮಾಡಿಕೋ, ಮಗಾ." ಈ ಮಾತಿನಲ್ಲಿ ಅನುಭವವಿದೆ. ಅಂಗಡಿಯಲ್ಲಿ ಸಾಮಾನು ಜೋಡಿಸುವವನು ಲೈಸೆನ್ಸ್ ಸಿಕ್ಕಿದ ಮೇಲೆ ಡೆಲಿವರಿ ವ್ಯಾನ್ ಹತ್ತುತ್ತಾನೆ, ಸೇಲ್ಸ್‌ಮನ್ ಆಗುತ್ತಾನೆ. ಸಂಬಳ ಏರುತ್ತದೆ, ಮನೆಯ ಸಾಲ ಇಳಿಯುತ್ತದೆ. ಕುಟುಂಬವನ್ನು ಕರೆಸಿಕೊಂಡವರಿಗಂತೂ ಮಕ್ಕಳ ಶಾಲೆ, ಆಸ್ಪತ್ರೆ, ಜುಮಾ ಎಲ್ಲದಕ್ಕೂ ಕಾರು ಬೇಕಾಗುತ್ತದೆ.

ಆದರೆ ಲೈಸೆನ್ಸ್ ಎಂದರೆ ಹೇಗಾದರೂ ಗಿಟ್ಟಿಸಿಕೊಳ್ಳಬೇಕಾದ ಒಂದು ಕಾರ್ಡ್ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಊರಿನಲ್ಲಿ ಏಜೆಂಟನಿಗೆ ಹಣ ಕೊಟ್ಟು, ಸ್ಟಿಯರಿಂಗ್ ಸರಿಯಾಗಿ ಹಿಡಿಯದೆಯೇ ಲೈಸೆನ್ಸ್ ಪಡೆದು ವಿಮಾನ ಹತ್ತುವವರಿದ್ದಾರೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆಂಬುದು ನಮಗೆಲ್ಲ ಗೊತ್ತು. ಆದರೂ ಲೈಸೆನ್ಸಿನ ವಿಷಯ ಬಂದಾಗ ಅದನ್ನು ಲಂಚವೆಂದು ನಾವು ಎಣಿಸುವುದೇ ಇಲ್ಲ. ಈ ಅಡ್ಡದಾರಿ ಗಲ್ಫಿನಲ್ಲಿ ನಡೆಯುವುದಿಲ್ಲ. ನಡೆದರೂ ಅದು ನಮ್ಮನ್ನು ತಲುಪಿಸುವ ಜಾಗ ಒಳ್ಳೆಯದಲ್ಲ.

ಭಾರತದ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?

ಯುಎಇಯನ್ನೇ ತೆಗೆದುಕೊಳ್ಳೋಣ. ವಿಸಿಟ್ ವೀಸಾದಲ್ಲಿ ಹೋದವರು ಊರಿನ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಪಡೆದಿದ್ದರೆ ಬಾಡಿಗೆ ಕಾರು ಓಡಿಸಬಹುದು. ಈ ಪರ್ಮಿಟ್‌ಗೆ 1 ವರ್ಷದ ಅವಧಿ. ಆದರೆ ರೆಸಿಡೆನ್ಸ್ ವೀಸಾ ಆದ ಮೇಲೆ ಅದು ಸಾಲದು, ಅಲ್ಲಿನದೇ ಲೈಸೆನ್ಸ್ ಬೇಕು. ಬ್ರಿಟನ್, ಅಮೆರಿಕ ಮುಂತಾದ ಕೆಲವು ದೇಶಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ಭಾರತವಿಲ್ಲ.

ಹಾಗೆಂದು ಊರಿನ ಲೈಸೆನ್ಸ್ ವ್ಯರ್ಥವೂ ಅಲ್ಲ. ದುಬೈಯಲ್ಲಿ ಹೊಸಬರು 20 ಗಂಟೆ ಪ್ರಾಯೋಗಿಕ ತರಬೇತಿ ಪಡೆಯಬೇಕು. ಊರಿನ ಲೈಸೆನ್ಸಿಗೆ 2ರಿಂದ 5 ವರ್ಷವಾಗಿದ್ದರೆ 15 ಗಂಟೆ, 5 ವರ್ಷ ದಾಟಿದ್ದರೆ 10 ಗಂಟೆ. ತರಗತಿಗಳಿಲ್ಲದೆ ನೇರವಾಗಿ ಪರೀಕ್ಷೆಗೆ ಕೂರಲು ಒಮ್ಮೆ ಮಾತ್ರ ಅವಕಾಶ ಕೊಡುವ 'ಗೋಲ್ಡನ್ ಚಾನ್ಸ್' ಎಂಬ ವ್ಯವಸ್ಥೆಯೂ 2023ರಲ್ಲಿ ಬಂದಿದೆ. ಅದರಲ್ಲಿ ಫೇಲಾದರೆ ಎಲ್ಲರಂತೆ ತರಗತಿಗೆ ಸೇರಬೇಕು. ಊರಿನಲ್ಲಿ ನಿಜವಾಗಿ ಓಡಿಸಿ ಕಲಿತವನಿಗೆ ಈ ಸೌಲಭ್ಯಗಳಿಂದ ಹಣ ಉಳಿಯುತ್ತದೆ. ಏಜೆಂಟನ ಲೈಸೆನ್ಸ್ ಇಟ್ಟುಕೊಂಡವನಿಗೆ ಇದೇ ಸೌಲಭ್ಯ ಮುಳುವಾಗುತ್ತದೆ. ಕಡಿಮೆ ತರಗತಿ ತೆಗೆದುಕೊಂಡು ಪರೀಕ್ಷೆಗೆ ಹೋಗುತ್ತಾನೆ, ಫೇಲಾಗುತ್ತಾನೆ. ಮತ್ತೆ ತರಗತಿ, ಮತ್ತೆ ಶುಲ್ಕ. ಮೂರ್ನಾಲ್ಕು ಸಲ ಹೀಗಾದರೆ ತಿಂಗಳುಗಳ ಉಳಿತಾಯ ಅಲ್ಲೇ ಕರಗುತ್ತದೆ.

ಹಂತಗಳು ಹೇಗಿರುತ್ತವೆ?

ಮೊದಲು ಎಮಿರೇಟ್ಸ್ ಐಡಿ ತೆಗೆದುಕೊಂಡು ಹೋಗಿ, ಕಣ್ಣಿನ ಪರೀಕ್ಷೆ ಮಾಡಿಸಿ, ಮಾನ್ಯತೆ ಪಡೆದ ಡ್ರೈವಿಂಗ್ ಶಾಲೆಯಲ್ಲಿ ಫೈಲ್ ತೆರೆಯಬೇಕು. ಅಲ್ಲಿ ಗೇರ್ ಕಾರೋ ಆಟೋಮ್ಯಾಟಿಕ್ಕೋ ಎಂದು ಕೇಳುತ್ತಾರೆ. ಆಟೋಮ್ಯಾಟಿಕ್‌ನಲ್ಲಿ ಪಾಸಾದವರು ಗೇರ್ ವಾಹನ ಓಡಿಸುವಂತಿಲ್ಲ. ಡೆಲಿವರಿ ಕೆಲಸ ಹುಡುಕುವವರು ಇದನ್ನು ಮೊದಲೇ ಯೋಚಿಸಬೇಕು.

ನಂತರ ಥಿಯರಿ ತರಗತಿ ಮತ್ತು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ. ಇಂಗ್ಲಿಷ್, ಅರಬಿ ಬಾರದವರು ಹೆದರಬೇಕಿಲ್ಲ. ಉರ್ದು, ಹಿಂದಿ, ಮಲಯಾಳಂ ಭಾಷೆಗಳಲ್ಲೂ ಪರೀಕ್ಷೆ ಬರೆಯಬಹುದು. ಆಮೇಲೆ ಪ್ರಾಯೋಗಿಕ ತರಬೇತಿ, ಯಾರ್ಡ್‌ನಲ್ಲಿ ಪಾರ್ಕಿಂಗ್ ಪರೀಕ್ಷೆ. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು, ಹಠಾತ್ ಬ್ರೇಕ್ ಹಾಕುವುದು, ಎರಡು ಕಾರುಗಳ ನಡುವಿನ ಜಾಗಕ್ಕೆ ಹಿಮ್ಮುಖವಾಗಿ ನುಗ್ಗಿಸುವುದು ಇದರಲ್ಲಿ ಸೇರಿವೆ. ಕೊನೆಯದು ರಸ್ತೆ ಪರೀಕ್ಷೆ.

ಊರಿನಲ್ಲಿ ಹತ್ತಾರು ವರ್ಷ ಓಡಿಸಿದವರೂ ಈ ರಸ್ತೆ ಪರೀಕ್ಷೆಯಲ್ಲಿ ಫೇಲಾಗುವುದುಂಟು. ಕೈಗೆ ಹತ್ತಿದ ಅಭ್ಯಾಸವೇ ಅಲ್ಲಿ ಶತ್ರು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ಅಲ್ಲಿ ಬಲಬದಿ. ಸ್ಟಿಯರಿಂಗ್ ಎಡಕ್ಕಿರುತ್ತದೆ. ಸರ್ಕಲ್‌ನಲ್ಲಿ ನಾವು ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ, ಅಲ್ಲಿ ಅದಕ್ಕೆ ವಿರುದ್ಧವಾಗಿ ಸುತ್ತಬೇಕು. ಸರ್ಕಲ್‌ನ ಒಳಗೆ ಎಡಗಡೆಯಿಂದ ಬರುತ್ತಿರುವವರಿಗೆ ದಾರಿ ಬಿಟ್ಟೇ ನುಗ್ಗಬೇಕು. ಇಲ್ಲಿ ನಮಗೆ ಹಾರ್ನೇ ಕಣ್ಣು. ಅಲ್ಲಿ ಲೇನ್ ಬದಲಿಸುವ ಮುನ್ನ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಕನ್ನಡಿಗೆ ಕಾಣದ ಮೂಲೆಯನ್ನು ಭುಜದ ಮೇಲಿಂದ ತಿರುಗಿ ನೋಡಲೇಬೇಕು. ಜೀಬ್ರಾ ಪಟ್ಟಿಯ ಬಳಿ ಪಾದಚಾರಿ ಇದ್ದರೆ ನಿಲ್ಲಿಸಲೇಬೇಕು. ಪರೀಕ್ಷಕರ ಕಾಲಬುಡದಲ್ಲಿಯೂ ಒಂದು ಬ್ರೇಕ್ ಇರುತ್ತದೆ. ಅಪಾಯ ಕಂಡು ಅವರು ಅದನ್ನು ಒತ್ತಬೇಕಾಗಿ ಬಂದರೆ ಪರೀಕ್ಷೆ ಮುಗಿಯಿತೆಂದೇ ಅರ್ಥ.

ಆದ್ದರಿಂದ ಹೊಸದಾಗಿ ಹೋದವರು "ನನಗೆ ಗೊತ್ತಿದೆ" ಎಂಬುದನ್ನು ಊರಿನಲ್ಲೇ ಬಿಟ್ಟು ಹೋಗುವುದು ಲೇಸು. ಮೊದಲ ಕೆಲವು ವಾರ ಸಂಬಂಧಿಕರ ಕಾರಿನಲ್ಲಿ ಕುಳಿತಾಗ ಮೊಬೈಲ್ ನೋಡದೆ ರಸ್ತೆ ನೋಡಿ. ಬೋರ್ಡ್‌ಗಳನ್ನು ಓದಿ. ಖಾಲಿ ಮೈದಾನದಲ್ಲಿ ಕಲಿಸುತ್ತೇನೆಂದು ಗೆಳೆಯರು ಕರೆದರೆ ಹೋಗಬೇಡಿ. ಲೈಸೆನ್ಸಿಲ್ಲದೆ ವಾಹನ ಓಡಿಸುವುದು ಅಲ್ಲಿ ಅಪರಾಧ.

ಕಾರ್ಡ್ ಕೈಗೆ ಬಂದ ಮೇಲೆ

ಲೈಸೆನ್ಸ್ ಸಿಕ್ಕಿದ ದಿನ ಮನೆಗೆ ಫೋನ್ ಬರುತ್ತದೆ. ಉಮ್ಮ ಅಲ್ಹಮ್ದುಲಿಲ್ಲಾಹ್ ಎನ್ನುತ್ತಾರೆ. ನಿಜವಾದ ಪರೀಕ್ಷೆ ಅಂದಿನಿಂದ ಶುರು.

ಯುಎಇಯಲ್ಲಿ ದಂಡದ ಜೊತೆಗೆ ಕಪ್ಪು ಅಂಕಗಳ ಲೆಕ್ಕವೂ ಇದೆ. 24 ಅಂಕ ತುಂಬಿದರೆ ಲೈಸೆನ್ಸ್ ಅಮಾನತಾಗುತ್ತದೆ. ಓಡಿಸುತ್ತಾ ಮೊಬೈಲ್ ಹಿಡಿದರೆ 800 ದಿರ್ಹಮ್ ಮತ್ತು 4 ಅಂಕ. ಸೀಟ್ ಬೆಲ್ಟ್ ಹಾಕದಿದ್ದರೆ 400 ದಿರ್ಹಮ್ ಮತ್ತು 4 ಅಂಕ. ಕೆಂಪು ದೀಪ ದಾಟಿದರೆ 1,000 ದಿರ್ಹಮ್, 12 ಅಂಕ, ಜೊತೆಗೆ 30 ದಿನ ವಾಹನ ಜಪ್ತಿ. 4 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟ್ ಕಡ್ಡಾಯ. 10 ವರ್ಷದೊಳಗಿನ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ. ಊರಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ಮುಂದೆ ಕುಳಿತು ಅಭ್ಯಾಸವಾದ ತಾಯಂದಿರು ಇದನ್ನು ವಿಶೇಷವಾಗಿ ನೆನಪಿಡಬೇಕು.

ದಂಡ ಕಟ್ಟಿ ಮುಗಿಸಬಹುದು. ಕಟ್ಟಿ ಮುಗಿಸಲಾಗದ್ದು ಇನ್ನೊಂದಿದೆ. ಅದು ಒಂದು ಜೀವ. ನಮ್ಮ ತಪ್ಪಿನಿಂದ ಅಪಘಾತದಲ್ಲಿ ಒಬ್ಬರು ತೀರಿಕೊಂಡರೆ ಯುಎಇ ಕಾನೂನಿನ ಪ್ರಕಾರ ಅವರ ಕುಟುಂಬಕ್ಕೆ ಸಲ್ಲಬೇಕಾದ ದಿಯತ್ 2 ಲಕ್ಷ ದಿರ್ಹಮ್. ನಮ್ಮ ಲೆಕ್ಕದಲ್ಲಿ ಅದು 40 ಲಕ್ಷ ರೂಪಾಯಿಗೂ ಮಿಕ್ಕಿದ್ದು. ಸಾಮಾನ್ಯವಾಗಿ ವಿಮೆ ಅದನ್ನು ಭರಿಸುತ್ತದೆ. ಆದರೆ ಓಡಿಸಿದವನ ಬಳಿ ಆ ವಾಹನದ ಲೈಸೆನ್ಸ್ ಇಲ್ಲದಿದ್ದರೆ ವಿಮಾ ಕಂಪೆನಿ ಆ ಹಣವನ್ನು ಅವನಿಂದಲೇ ವಸೂಲು ಮಾಡಬಹುದು. "ಒಂದೇ ಒಂದು ಟ್ರಿಪ್, ನೀನೇ ಓಡಿಸು" ಎಂದು ಕೀಲಿ ಕೊಡುವ ಗೆಳೆಯನಿಗೆ ಇಲ್ಲ ಎನ್ನಲು ಈ ಒಂದು ಕಾರಣ ಸಾಕು.

ಇಷ್ಟಕ್ಕೇ ಮುಗಿಯುವುದಿಲ್ಲ. ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೇ ಸೂಕ್ತವು, ತಪ್ಪಿ ಒಬ್ಬ ವಿಶ್ವಾಸಿಯ ಜೀವ ತೆಗೆದವನು ಕುಟುಂಬಕ್ಕೆ ದಿಯತ್ ಕೊಡುವುದರ ಜೊತೆಗೆ ಗುಲಾಮನೊಬ್ಬನನ್ನು ಬಿಡುಗಡೆ ಮಾಡಬೇಕು, ಅದಾಗದಿದ್ದರೆ ಎರಡು ತಿಂಗಳು ಸತತ ಉಪವಾಸ ಹಿಡಿಯಬೇಕು ಎಂದು ವಿಧಿಸುತ್ತದೆ. ಚಾಲಕನ ತಪ್ಪಿನಿಂದಾಗುವ ರಸ್ತೆಯ ಸಾವನ್ನೂ ಉಲಮಾಗಳು ಇದೇ ವಿಧಿಯಡಿ ನೋಡುತ್ತಾರೆ. ಗುಲಾಮಗಿರಿ ಇಲ್ಲದ ಇಂದಿನ ಕಾಲದಲ್ಲಿ ಉಳಿಯುವುದು ಉಪವಾಸ. ಅಂದರೆ ಸರಕಾರ ಬಿಟ್ಟರೂ, ವಿಮೆ ಕಟ್ಟಿದರೂ, ಅಲ್ಲಾಹನ ಬಳಿ ಒಂದು ಲೆಕ್ಕ ಬಾಕಿ ಇರುತ್ತದೆ. ಆಗಬಾರದ್ದು ಆಗಿಹೋದರೆ ಸ್ಥಳ ಬಿಟ್ಟು ಓಡಬೇಡಿ. ಗಾಯಗೊಂಡವರ ಬಳಿ ನಿಲ್ಲಿ, ಪೊಲೀಸರಿಗೆ ನಿಜ ಹೇಳಿ. ಕಫ್ಫಾರದ ವಿವರಗಳನ್ನು ತಿಳಿದ ಆಲಿಮರಲ್ಲಿ ಕೇಳಿಕೊಳ್ಳಿ.

ಸಹೋದರಿಯರಿಗೆ

ಸೌದಿ ಅರೇಬಿಯಾದಲ್ಲಿ 2018ರ ಜೂನ್ 24ರಿಂದ ಮಹಿಳೆಯರೂ ವಾಹನ ಓಡಿಸುತ್ತಿದ್ದಾರೆ. ಗಲ್ಫಿನ ಇತರ ದೇಶಗಳಲ್ಲಿ ಅದು ಮೊದಲೇ ಇತ್ತು. ಗಂಡ ಕೆಲಸದಲ್ಲಿರುವಾಗ ಮಗುವಿಗೆ ಜ್ವರ ಬಂದರೆ ಕಾರು ಮನೆಯ ಕೆಳಗೇ ನಿಂತಿದ್ದರೂ ಕೈಕಟ್ಟಿ ಕೂರುವ ಪರಿಸ್ಥಿತಿ ನಮ್ಮ ಅನೇಕ ಮನೆಗಳಲ್ಲಿದೆ. ಮಹಿಳಾ ತರಬೇತುದಾರರೇ ಕಲಿಸುವ ವ್ಯವಸ್ಥೆ ಅಲ್ಲಿನ ಡ್ರೈವಿಂಗ್ ಶಾಲೆಗಳಲ್ಲಿದೆ. ಅನುಕೂಲವಿರುವ ಮನೆಯವರು ಪತ್ನಿಗೂ ಮಗಳಿಗೂ ಕಲಿಸಿ. ಸಿಟ್ಟುಮಾಡದೆ ಕಲಿಸಲಾಗದಿದ್ದರೆ ಪಕ್ಕದ ಸೀಟನ್ನು ತರಬೇತುದಾರರಿಗೇ ಬಿಟ್ಟುಕೊಡಿ.

ಒಂಟೆಯನ್ನು ಕಟ್ಟಿದ ಮೇಲೆ

ಜನರು ದಾರಿಯಲ್ಲಿ ಕೂರುವ ವಿಷಯ ಬಂದಾಗ ಪ್ರವಾದಿ(ಸ)ರು ದಾರಿಗೂ ಹಕ್ಕುಗಳಿವೆ ಎಂದು ಕಲಿಸಿದರು. ಇತರರಿಗೆ ತೊಂದರೆ ಕೊಡದಿರುವುದು ಅವುಗಳಲ್ಲೊಂದು. ದಾರಿಯ ಮುಳ್ಳನ್ನು ಸರಿಸುವುದು ಈಮಾನಿನ ಶಾಖೆಯಾದರೆ, ತಾನೇ ದಾರಿಗೆ ಮುಳ್ಳಾಗದಿರುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ. ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್ ಮಾಡಲೇ ಎಂದು ಕೇಳಿದವರಿಗೆ, ಮೊದಲು ಕಟ್ಟು, ಆಮೇಲೆ ತವಕ್ಕುಲ್ ಮಾಡು ಎಂದು ಅವರು ತಿಳಿಸಿದ ಹದೀಸ್ ನಮಗೆಲ್ಲ ಗೊತ್ತು. ಕಾರಿಗೆ ಹತ್ತಿದ ಕೂಡಲೇ ನಾವು ಸವಾರಿಯ ದುಆ ಓದುತ್ತೇವೆ. ಅದರ ಜೊತೆಗೆ ಬೆಲ್ಟ್ ಕಟ್ಟುವುದು, ಕನ್ನಡಿ ಸರಿಪಡಿಸುವುದು, ಮೊಬೈಲನ್ನು ಆಚೆ ಇಡುವುದು ಒಂಟೆಯನ್ನು ಕಟ್ಟಿದ ಹಾಗೆ.

ನಿಯಮಗಳು ದೇಶದಿಂದ ದೇಶಕ್ಕೆ, ಎಮಿರೇಟ್‌ನಿಂದ ಎಮಿರೇಟ್‌ಗೆ ಬೇರೆಯಾಗಿರುತ್ತವೆ, ಆಗಾಗ ಬದಲಾಗುತ್ತವೆ ಕೂಡ. 2025ರ ಮಾರ್ಚ್ 29ರಿಂದ ಯುಎಇಯಲ್ಲಿ ಲೈಸೆನ್ಸಿನ ಕನಿಷ್ಠ ವಯಸ್ಸು 17ಕ್ಕೆ ಇಳಿದಿದೆ. ಆದ್ದರಿಂದ ಹೊರಡುವ ಮುನ್ನ ಅಲ್ಲಿನ ಅಧಿಕೃತ ಇಲಾಖೆಯಿಂದಲೇ ತಿಳಿದುಕೊಳ್ಳಿ, ಏಜೆಂಟನ ಬಾಯಿಮಾತನ್ನು ನಂಬಬೇಡಿ. ಮುಂದಿನ ಸಲ ಗಲ್ಫಿಗೆ ಹೊರಟ ಹುಡುಗನೊಬ್ಬ ನಿಮ್ಮ ಬಳಿ ಸಲಾಂ ಹೇಳಲು ಬಂದಾಗ, "ಲೈಸೆನ್ಸ್ ಮಾಡಿಕೋ" ಎನ್ನುವ ಮುನ್ನ "ಸರಿಯಾಗಿ ಕಲಿತುಕೋ" ಎನ್ನಿ. ಅವನಿಗಾಗಿ ಇಲ್ಲಿ ಒಂದು ಮನೆ ಕಾಯುತ್ತಿರುತ್ತದೆ. ಅವನು ಸಾಗುವ ರಸ್ತೆಯನ್ನು ದಾಟುತ್ತಿರುವವನಿಗಾಗಿಯೂ ಎಲ್ಲೋ ಒಂದು ಮನೆ ಕಾಯುತ್ತಿರುತ್ತದೆ.