ಒಂದೇ ಬೇರಿನ ಎರಡು ಆಟಗಳು

ಅಂಡಾಕಾರದ ಚೆಂಡನ್ನು ಅಪ್ಪಿಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟಗಳಲ್ಲಿ ಎರಡು ಜಗತ್ಪ್ರಸಿದ್ಧವಾಗಿವೆ: ಇಂಗ್ಲೆಂಡಿನ ರಗ್ಬಿ ಮತ್ತು ಅಮೆರಿಕದ ಫುಟ್‌ಬಾಲ್. ಇವೆರಡೂ ಒಂದೇ ಬೇರಿನಿಂದ ಚಿಗುರಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ರಗ್ಬಿ ಎಂಬ ಊರಿನ ಶಾಲೆಯಲ್ಲಿ ರೂಪುಗೊಂಡ ಆಟಕ್ಕೆ ಆ ಶಾಲೆಯ ಹೆಸರೇ ನಿಂತಿತು.

1874ರ ಮೇ ತಿಂಗಳಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ತಂಡವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಅತಿಥಿಯಾಗಿ ಬಂದಿತು. ಉಭಯ ತಂಡಗಳ ನಿಯಮಗಳೂ ಬೇರೆಬೇರೆಯಾಗಿದ್ದವು. ಆದರೂ ಕಲಹಕ್ಕೆ ಎಡೆಯಾಗಲಿಲ್ಲ. ಮೊದಲ ದಿನ ಆತಿಥೇಯರ ನಿಯಮದಂತೆಯೂ ಮರುದಿನ ಅತಿಥಿಗಳ ರಗ್ಬಿ ನಿಯಮದಂತೆಯೂ ಆಡಿದರು. ಮೊದಲನೆಯ ಪಂದ್ಯವನ್ನು ಹಾರ್ವರ್ಡ್ ಗೆದ್ದಿತು, ಎರಡನೆಯದು ಸಮಸಮವಾಯಿತು. ಆಶ್ಚರ್ಯವೆಂದರೆ, ತಾವು ಗೆದ್ದ ಆಟಕ್ಕಿಂತ ಗೆಲ್ಲಲಾಗದ ಆಟವೇ ಹಾರ್ವರ್ಡಿನವರಿಗೆ ಮೆಚ್ಚುಗೆಯಾಯಿತು. ಅವರು ಅದನ್ನೇ ಕೈಗೊಂಡರು.

ಮುಂದೆ ವಾಲ್ಟರ್ ಕ್ಯಾಂಪ್ ಎಂಬವರ ಸಲಹೆಯಂತೆ 1880ರಲ್ಲಿ ಅಮೆರಿಕದ ತಂಡಗಳು ಹನ್ನೊಂದು ಆಟಗಾರರಿಗೆ ಇಳಿದವು. ಆಟದಲ್ಲಿ ಸಾವುನೋವುಗಳು ಹೆಚ್ಚಿದ್ದರಿಂದ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ರಗ್ಬಿಯಲ್ಲಾದರೋ ಇಂದಿಗೂ ಅದು ನಿಷಿದ್ಧ. ಅದೇ ವರ್ಷ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಮೊದಲಾದ ವಿಶ್ವವಿದ್ಯಾನಿಲಯಗಳು ಫುಟ್‌ಬಾಲನ್ನು ತೊರೆದು ಕೆಲವು ಕಾಲ ರಗ್ಬಿಗೇ ಮರಳಿದವು. ಆ ಪ್ರಾಂತದ ಆಟಗಾರರೇ ಹೆಚ್ಚಾಗಿದ್ದ ಅಮೆರಿಕದ ತಂಡವು 1920 ಮತ್ತು 1924ರ ಒಲಿಂಪಿಕ್ ಕ್ರೀಡೆಗಳಲ್ಲಿ ರಗ್ಬಿಯ ಚಿನ್ನದ ಪದಕವನ್ನು ಗಳಿಸಿತು.

ಹಾದಿಗಳು ಕವಲೊಡೆದರೂ ನಂಟು ಕಳಚಲಿಲ್ಲ. ಎದುರಾಳಿಯನ್ನು ಸೋಲಿಸುವುದಷ್ಟೇ ಅಲ್ಲ, ಅವನಿಂದ ಕಲಿಯುವುದೂ ಕ್ರೀಡಾಧರ್ಮವೇ ಆಗಿದೆ.