ಪಲ್ಸಾರುಗಳ ಪ್ರವಾಹ

ನಾಗಮಂಗಲದ ಸೀಮೆಯಲ್ಲಿ ಹುಟ್ಟಿ ಪಾಂಡವಪುರದ ಕಡೆಯಿಂದ ಹರಿದು ಬರುವ ಲೋಕಪಾವನಿಯು ಶ್ರೀರಂಗಪಟ್ಟಣದ ಬಳಿ, ಕರಿಘಟ್ಟದ ಬುಡದಲ್ಲಿ, ಕಾವೇರಿಯನ್ನು ಸೇರುತ್ತದೆ. ಈ ಸಂಗಮವನ್ನೇ ಕಾಣದವನೊಬ್ಬನು ಅದರ ಮೇಲುಗಡೆ ಒಮ್ಮೆ, ಕೆಳಗಡೆ ಒಮ್ಮೆ ಕಾವೇರಿಯ ಹರಿವನ್ನು ಅಳೆದನೆನ್ನಿ. ಕೆಳಗೆ ಹರಿವು ಹೆಚ್ಚಿದ್ದರೆ, ನಡುವೆ ಯಾವುದೋ ಉಪನದಿ ಕೂಡಿರಬೇಕೆಂದು ಅವನು ಧಾರಾಳವಾಗಿ ಹೇಳಬಹುದು. ಇದನ್ನೇ ಹೋಲುವ ತರ್ಕವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಂ. ವಿವೇಕಾನಂದ್ ಮತ್ತು ರಮೇಶ್ ನಾರಾಯಣ್ ಅವರು 1981ರಲ್ಲಿ ಆಕಾಶಗಂಗೆಗೆ ಅನ್ವಯಿಸಿದರು. ಅಲ್ಲಿ ಹರಿಯುವುದು ನೀರಲ್ಲ, ಪಲ್ಸಾರುಗಳು.

ಭಾರಿ ತಾರೆಯೊಂದು ಸಿಡಿದ ಬಳಿಕ ಉಳಿಯುವ, ಸುಮಾರು 20 ಕಿಲೊಮೀಟರು ವ್ಯಾಸದ, ಗಿರ್ರನೆ ಸುತ್ತುವ ನ್ಯೂಟ್ರಾನ್ ತಾರೆಯೇ ಪಲ್ಸಾರ್. ಪ್ರತಿ ಸುತ್ತಿಗೂ ಅದರ ರೇಡಿಯೊ ಕಿರಣವು ದೀಪಸ್ತಂಭದ ಬೆಳಕಿನಂತೆ ನಮ್ಮತ್ತ ಹಾಯುತ್ತದೆ. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜೋಸೆಲಿನ್ ಬೆಲ್ ಕಂಡುಹಿಡಿದ ಮೊದಲನೆಯ ಪಲ್ಸಾರಿನ ಸುತ್ತಿನ ಅವಧಿ 1.337 ಸೆಕೆಂಡು. ವಯಸ್ಸಾದಂತೆಲ್ಲ ಸುತ್ತು ನಿಧಾನವಾಗುತ್ತದೆ. ಏಡಿ ನೀಹಾರಿಕೆಯಲ್ಲಿರುವ ಎಳೆಯ ಪಲ್ಸಾರಿನ ಅವಧಿ 0.033 ಸೆಕೆಂಡು, ಅದು ದಿನವೊಂದಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು 36 ಪಾಲಿನಷ್ಟು ಬೆಳೆಯುತ್ತಿದೆ. ಇಷ್ಟು ಸೂಕ್ಷ್ಮವಾದುದನ್ನು ಅಳೆಯಬಹುದೆಂಬುದೇ ಒಂದು ಸೋಜಿಗ!

ಈಗ ಅವಧಿಯನ್ನೇ ನದಿಯ ಪಾತ್ರವೆಂದು ಭಾವಿಸೋಣ. ಎಲ್ಲ ಪಲ್ಸಾರುಗಳೂ ಅದರಲ್ಲಿ ಒಂದೇ ದಿಕ್ಕಿಗೆ, ಕಿರಿದರಿಂದ ಹಿರಿದಿನ ಕಡೆಗೆ, ಸಾಗುತ್ತವೆ. ಪಾತ್ರದ ಒಂದು ತುಂಡಿನಲ್ಲಿರುವ ಪಲ್ಸಾರುಗಳ ವೇಗಗಳನ್ನು ಕೂಡಿ, ತುಂಡಿನ ಉದ್ದದಿಂದ ಭಾಗಿಸಿದರೆ, ವರ್ಷಕ್ಕೆ ಎಷ್ಟು ಪಲ್ಸಾರುಗಳು ಅಲ್ಲಿ ಹಾದುಹೋಗುತ್ತವೆಂಬುದು ದೊರೆಯುತ್ತದೆ. ತೊಡಕಿರುವುದು ಎಣಿಕೆಯಲ್ಲಿ. ಇರುಳಿನಲ್ಲಿ ಕರಿಘಟ್ಟದ ಮೇಲಿಂದ ನೋಡುವವನಿಗೆ ಹತ್ತಿರದ ಹಣತೆಯೂ ಕಾಣುತ್ತದೆ. ದೂರದ್ದಾದರೆ ದೊಡ್ಡ ದೀಪ ಮಾತ್ರ. ಆದುದರಿಂದ ಕಂಡ ಒಂದೊಂದು ಮಂದ ಪಲ್ಸಾರನ್ನೂ ಕಾಣದ ಅನೇಕವುಗಳ ಪ್ರತಿನಿಧಿಯೆಂದು ಗಣಿಸಬೇಕಾಯಿತು.

ಹೀಗೆ ದೊರೆತ ಉತ್ತರ: ಆಕಾಶಗಂಗೆಯಲ್ಲಿ ಸುಮಾರು 6 ಲಕ್ಷ ಪಲ್ಸಾರುಗಳು, ಸುಮಾರು 21 ವರ್ಷಕ್ಕೊಂದು ಜನನ. ಎರಡನ್ನೂ ಗುಣಿಸಿ ನೋಡಿ. ಒಂದು ಪಲ್ಸಾರಿನ ಸರಾಸರಿ ಆಯುಸ್ಸು ಒಂದೂಕಾಲು ಕೋಟಿ ವರ್ಷವೆಂದಾಗುತ್ತದೆ.

ಆದರೆ ಪಲ್ಸಾರುಗಳೆಲ್ಲವೂ ಅತಿ ವೇಗದಿಂದ ಸುತ್ತುತ್ತಲೇ ಹುಟ್ಟುತ್ತವೆಂದು ಆಗ ನಂಬಿದ್ದರು. ಹಾಗಿದ್ದರೆ ಪ್ರವಾಹವು ಮೂಲದಲ್ಲಿದ್ದುದಕ್ಕಿಂತ ಮುಂದೆ ಹೆಚ್ಚಬಾರದು. ಲೆಕ್ಕದಲ್ಲಿ ಅದು ಹೆಚ್ಚಿತು; ಬಹುಪಾಲು ಪಲ್ಸಾರುಗಳು ಅವಧಿ 0.5 ಸೆಕೆಂಡನ್ನು ದಾಟಿದ ಮೇಲೆಯೇ ಮೊದಲ ಬಾರಿಗೆ ತಲೆದೋರುವಂತೆ ಕಂಡಿತು. ಕೃಷ್ಣರಾಜಪೇಟೆಯ ಸೀಮೆಯನ್ನು ದಾಟಿ ಬರುವ ಹೇಮಾವತಿಯು ಕೃಷ್ಣರಾಜಸಾಗರದ ನೀರಿನೊಳಗೇ ಕಾವೇರಿಯನ್ನು ಕೂಡುವುದಿಲ್ಲವೆ? ಅಂತಹುದೊಂದು ಮರೆಯ ಸಂಗಮ! ಅವು ನಿಧಾನವಾಗಿಯೇ ಹುಟ್ಟುತ್ತವೆಯೋ, ಅಥವಾ ಬಹುಕಾಲ ರೇಡಿಯೊ ಮೌನದಲ್ಲಿದ್ದು ಆಮೇಲೆ ಮಿಡಿಯತೊಡಗುತ್ತವೆಯೋ? ರೇಡಿಯೊ ಅಲೆಗಳು ಹೊಮ್ಮುವ ರೀತಿಯಲ್ಲಿಯೇ ಇದರ ಕಾರಣವಿರಬಹುದೆಂದು ಲೇಖಕರು ಊಹಿಸಿದರು.

ವಾದವು ಅಲ್ಲಿಗೆ ಮುಗಿಯಲಿಲ್ಲ. 1995ರಲ್ಲಿ ಅದೇ ಸಂಸ್ಥೆಯ ಅವಿನಾಶ್ ದೇಶಪಾಂಡೆ, ಆರ್. ರಾಮಚಂದ್ರನ್ ಮತ್ತು ಜಿ. ಶ್ರೀನಿವಾಸನ್ ಅವರು ಲೆಕ್ಕವನ್ನು ಹೊಸದಾಗಿ ಮಾಡಿದಾಗ, ಜನನವು ಸುಮಾರು 75 ವರ್ಷಕ್ಕೊಂದು ಎಂದಾಯಿತು. ಕಾಣದುದಕ್ಕೆ ಕೊಡುವ ತೂಕ ಕೊಂಚ ಬದಲಾದರೂ ಉತ್ತರವು ಹೀಗೆ ಜಗ್ಗುತ್ತದೆ. ಈಗ ಗಣಕಯಂತ್ರದೊಳಗೆ ಕೃತಕ ಪಲ್ಸಾರುಗಳನ್ನು ಹುಟ್ಟಿಸಿ, ಕೋಟ್ಯಂತರ ವರ್ಷ ಬೆಳೆಸಿ, ನಮ್ಮ ದೂರದರ್ಶಕಗಳಿಗೆ ಕಾಣಬಹುದಾದವುಗಳನ್ನು ಮಾತ್ರ ಆರಿಸಿ, ನಿಜವಾದ ಪಟ್ಟಿಯೊಡನೆ ಹೋಲಿಸುತ್ತಾರೆ. ಆ ಪಟ್ಟಿಯಲ್ಲಿ ಇಂದು 3,000ಕ್ಕೂ ಹೆಚ್ಚು ಪಲ್ಸಾರುಗಳಿವೆ; ಹುಟ್ಟುವಾಗ ಅವು ಎಷ್ಟು ವೇಗವಾಗಿ ಸುತ್ತುತ್ತಿದ್ದವೆಂಬ ಚರ್ಚೆ ಇನ್ನೂ ನಡೆದಿದೆ.