ನಿಂತ ಎಂಜಿನ್ನಿನ ನಾಡಿ

ವಿಜಯಪುರ ಜಿಲ್ಲೆಯ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಈ ಎರಡು ನದಿಗಳ ನಡುವೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಎರೆಭೂಮಿ ಹರಡಿಕೊಂಡಿದೆ. ಒಂದು ಕಾಲಕ್ಕೆ ಇಲ್ಲಿಯ ಒಕ್ಕಲುತನವು ಎತ್ತಿನ ಹೆಗಲನ್ನೂ ಮನುಷ್ಯನ ತೋಳನ್ನೂ ನಂಬಿ ನಡೆಯುತ್ತಿತ್ತು. ಇಂದು ಅವುಗಳ ಜೊತೆಗೆ ಪೆಟ್ರೋಲಿನಿಂದ ಓಡುವ ಪುಟ್ಟ ಎಂಜಿನ್ನೂ ಬಂದು ಸೇರಿದೆ. ಹಳ್ಳದ ನೀರನ್ನು ಹೊಲಕ್ಕೆ ಎತ್ತುವುದು, ಲಿಂಬೆಯ ತೋಟಕ್ಕೆ ಔಷಧ ಸಿಂಪಡಿಸುವುದು ಮೊದಲಾದ ಕೆಲಸಗಳನ್ನು ಅದು ಮಾಡುತ್ತದೆ. ಅಂಥ ಎಂಜಿನ್ನು ಕೆಲಸದ ನಡುವೆ ನಿಂತುಬಿಟ್ಟರೆ ರೈತನಿಗೆ ದಿಕ್ಕು ತೋಚದಂತಾಗುತ್ತದೆ. ಒಣಗುವ ಪೈರಾಗಲಿ, ಎಲೆ ತಿನ್ನುವ ಹುಳುವಾಗಲಿ ಯಂತ್ರದ ದುರಸ್ತಿಗಾಗಿ ಕಾಯುವುದಿಲ್ಲ.

ಇಂಡಿಯ ಕಡೆಯ ಒಂದು ಲಿಂಬೆಯ ತೋಟವನ್ನು ಊಹಿಸಿಕೊಳ್ಳಬಹುದು. ಬೆಳಗ್ಗೆ ಸಿಂಪರಣೆಯ ಎಂಜಿನ್ನು ಸರಾಗವಾಗಿ ಹೊರಟಿತು. ಕಾಲು ಗಂಟೆಯಲ್ಲಿ ನಿಂತುಹೋಯಿತು. ಕೆಲಹೊತ್ತು ಬಿಟ್ಟು ಹಗ್ಗ ಎಳೆದರೆ ಮತ್ತೆ ಹೊರಟಿತು; ಮತ್ತೆ ನಿಂತಿತು. ತೋಟದ ಹುಡುಗನು ಬೆವರು ಸುರಿಸುತ್ತ ಹಗ್ಗವನ್ನು ಎಳೆದೇ ಎಳೆದನು. ಕೊನೆಗೆ ಸ್ಪ್ಯಾನರು ತೆಗೆದುಕೊಂಡು ಎಲ್ಲವನ್ನೂ ಬಿಚ್ಚಲು ಮುಂದಾದನು. ಆಗ ಅಜ್ಜನು, “ತಮ್ಮಾ, ಮೊದಲ ಅದಕ್ಕ ಏನ ಆಗೇದ ಅಂತ ಕೇಳು, ಆಮ್ಯಾಲೆ ಬಿಚ್ಚು” ಎಂದನು. ಯಂತ್ರವನ್ನು ಕೇಳುವುದು ಹೇಗೆ? ಅದನ್ನು ತಿಳಿಯಲು ಎಂಜಿನ್ನು ಓಡುವ ಬಗೆಯನ್ನು ಅರಿಯಬೇಕು.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಎಂಬಾತನು ನಾಲ್ಕು ಹೊಡೆತಗಳ ಎಂಜಿನ್ನನ್ನು ಯಶಸ್ವಿಯಾಗಿ ನಿರ್ಮಿಸಿದನು. ಪಿಸ್ಟನ್ನು ಮೊದಲನೆಯ ಹೊಡೆತದಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಹೀರುತ್ತದೆ. ಎರಡನೆಯದರಲ್ಲಿ ಅದನ್ನು ಅದುಮುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಉರಿದು, ಮೂರನೆಯದರಲ್ಲಿ ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕನೆಯದರಲ್ಲಿ ಹೊಗೆ ಹೊರಬೀಳುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇಂಧನವು ನಿಮಿಷಕ್ಕೆ 1500 ಬಾರಿ ಹೀಗೆ ಉರಿಯುತ್ತದೆ. 1956ರಲ್ಲಿ ಅಮೆರಿಕದ ಆರ್ಟ್ ಇಂಗಲ್ಸ್ ಎಂಬಾತನು ಒಂದು ಪುಟ್ಟ ಎಂಜಿನ್ನನ್ನು ನಾಲ್ಕು ಗಾಲಿಯ ಚೌಕಟ್ಟಿಗೆ ಜೋಡಿಸಿ ‘ಗೋ-ಕಾರ್ಟ್’ ಎಂಬ ಓಟದ ಬಂಡಿಗೆ ನಾಂದಿ ಹಾಡಿದನು. ಅದು ಎರಡೇ ಹೊಡೆತಗಳಲ್ಲಿ ಈ ಕೆಲಸಗಳನ್ನು ಮುಗಿಸುವ ಬಗೆಯದು. ಆದರೂ ಓಟದ ಬಂಡಿಯ ಎಂಜಿನ್ನಿಗೂ ಹೊಲದ ಎಂಜಿನ್ನಿಗೂ ಬೇಕಾದವು ಮೂರೇ: ಗಾಳಿಯೊಡನೆ ಹದವಾಗಿ ಬೆರೆತ ಇಂಧನ, ಬಲವಾದ ಕಿಡಿ, ಸಾಕಷ್ಟು ಒತ್ತಡ. ನಿಂತ ಎಂಜಿನ್ನಿನಲ್ಲಿ ಇವುಗಳಲ್ಲಿ ಒಂದಾದರೂ ಕುಂದಿರುತ್ತದೆ.

ಪರೀಕ್ಷೆಯನ್ನು ಸುಲಭವಾದುದರಿಂದ ಆರಂಭಿಸಬೇಕು. ಸ್ವಿಚ್ಚು ಹಾಕಿದೆಯೆ? ಟಾಕಿಯಲ್ಲಿ ಪೆಟ್ರೋಲು ಇದೆಯೆ? ಅದರ ನಳ ತೆರೆದಿದೆಯೆ? ಅನೇಕ ವೇಳೆ ತೊಂದರೆ ಇಲ್ಲಿಯೇ ಮುಗಿಯುತ್ತದೆ. ಮುಗಿಯದಿದ್ದರೆ, ಹಲವು ಬಾರಿ ಹಗ್ಗ ಎಳೆದ ಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡಬೇಕು. ವೈದ್ಯನಿಗೆ ರೋಗಿಯ ನಾಡಿ ಹೇಗೋ ಹಾಗೆಯೇ ಇದು. ತುದಿ ಒಣಗಿದ್ದರೆ ಇಂಧನವು ಒಳಗೆ ತಲುಪಿಲ್ಲ. ಬಹುದಿನ ನಿಲ್ಲಿಸಿಟ್ಟ ಎಂಜಿನ್ನಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ, ಕಾರ್ಬುರೇಟರಿನ ಸಣ್ಣ ರಂಧ್ರವನ್ನು ಮುಚ್ಚಿರಬಹುದು. ತುದಿ ಒದ್ದೆಯಾಗಿದ್ದರೆ ಇಂಧನ ಬಂದಿದೆ, ಆದರೆ ಉರಿದಿಲ್ಲ. ಚೋಕನ್ನು ಹೆಚ್ಚು ಹೊತ್ತು ಎಳೆದಿಟ್ಟು ಇಂಧನ ಮಿತಿಮೀರಿರಬಹುದು, ಇಲ್ಲವೆ ಕಿಡಿ ದುರ್ಬಲವಾಗಿರಬಹುದು. ಆಗ ಪ್ಲಗ್ಗನ್ನು ಒರೆಸಿ ಒಣಗಿಸಬೇಕು. ಮಸಿ ಹಿಡಿದಿದ್ದರೆ ಸ್ವಚ್ಛಗೊಳಿಸಬೇಕು. ಒಳ್ಳೆಯದೆಂದು ಗೊತ್ತಿರುವ ಬೇರೊಂದು ಪ್ಲಗ್ಗನ್ನು ಹಾಕಿ ನೋಡುವುದು ಇನ್ನೂ ಉತ್ತಮ.

ಇಂಧನವೂ ಕಿಡಿಯೂ ಸರಿಯಾಗಿದ್ದರೆ ಉಳಿಯುವುದು ಒತ್ತಡ. ಹಗ್ಗವನ್ನು ಮೆಲ್ಲಗೆ ಎಳೆದಾಗ ಒಂದು ಹಂತದಲ್ಲಿ ಅದು ಬಿಗಿಯಾಗಿ ತಡೆಯಬೇಕು. ತಡೆಯೇ ಇಲ್ಲದೆ ಸಲೀಸಾಗಿ ಬಂದರೆ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಅಥವಾ ಪಿಸ್ಟನ್ನಿನ ಉಂಗುರ ಸವೆದಿದೆ. ಇದು ನುರಿತ ಮೇಸ್ತ್ರಿಯ ಕೆಲಸ. ಓಡುವ ಎಂಜಿನ್ನು ಕಪ್ಪು ಹೊಗೆ ಉಗುಳಿದರೆ ಅದಕ್ಕೆ ಗಾಳಿ ಸಾಲದು. ಬೇಸಿಗೆಯಲ್ಲಿ ಎರೆಮಣ್ಣಿನ ನುಣುಪಾದ ಧೂಳು ಗಾಳಿಯ ಶೋಧಕವನ್ನು ಬೇಗ ಮುಚ್ಚುತ್ತದೆ. ನೀಲಿ ಛಾಯೆಯ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದು ತಿಳಿಯಬೇಕು. ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಬಳಸುವ ಎರಡು ಹೊಡೆತಗಳ ಎಂಜಿನ್ನಿನಲ್ಲಿ ಮಾತ್ರ ಸ್ವಲ್ಪ ನೀಲಿ ಹೊಗೆ ಸಹಜ.

ಈ ಪರೀಕ್ಷೆಯಲ್ಲಿ ಒಂದು ನಿಯಮವಿದೆ. ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಎಂಜಿನ್ನು ಓಡಬಹುದು; ಆದರೆ ದೋಷ ಎಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ.

ಯಂತ್ರಕ್ಕಿಂತ ಜೀವ ದೊಡ್ಡದು. ಬಿಸಿಯಾದ ಎಂಜಿನ್ನಿಗೆ ಪೆಟ್ರೋಲು ಸುರಿಯಬಾರದು. ಬಿಚ್ಚುವ ಮೊದಲು ಅದು ತಣಿಯಬೇಕು, ಪ್ಲಗ್ಗಿನ ತಂತಿಯನ್ನು ಕಳಚಿರಬೇಕು. ನೀರು ಆಳಕ್ಕಿಳಿದಾಗ ಎಂಜಿನ್ನನ್ನೇ ಬಾವಿಯೊಳಗೆ ಇಳಿಸಿ ಓಡಿಸುವುದು ಮೃತ್ಯುವನ್ನು ಕರೆದಂತೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವನು ಅರಿಯದೆಯೇ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಉಳಿಸಲೆಂದು ಹಿಂದೆಯೇ ಇಳಿದವನಿಗೂ ಅದೇ ಗತಿ.

ಲಿಂಬೆಯ ತೋಟದ ಎಂಜಿನ್ನಿನ ವಿಷಯ ಏನಾಯಿತು? ಅಜ್ಜನು ಯೋಚಿಸಿದನು. ಎಂಜಿನ್ನು ಹೊರಡುತ್ತದೆ, ಆದ್ದರಿಂದ ಕಿಡಿಯೂ ಒತ್ತಡವೂ ಇವೆ. ಕೆಲಹೊತ್ತಿನ ನಂತರ ನಿಲ್ಲುತ್ತದೆ. ಆದ್ದರಿಂದ ಇಂಧನದ ಹರಿವು ತಡೆಯುತ್ತಿರಬಹುದು. ಟಾಕಿಯಲ್ಲಿ ಪೆಟ್ರೋಲು ತುಂಬಿತ್ತು. ಅವನು ಟಾಕಿಯ ಮುಚ್ಚಳವನ್ನು ಸಡಿಲಿಸಿದನು. ಗಾಳಿ ‘ಸುಂಯ್’ ಎಂದು ಒಳನುಗ್ಗಿತು. ಮುಚ್ಚಳದಲ್ಲಿದ್ದ ಸೂಜಿಮೊನೆಯಷ್ಟು ರಂಧ್ರವನ್ನು ಧೂಳು ಮುಚ್ಚಿತ್ತು. ಹೊರಗಿನ ಗಾಳಿ ಒಳಹೋಗದ ಕಾರಣ ಪೆಟ್ರೋಲು ಕೆಳಗೆ ಇಳಿಯುತ್ತಿರಲಿಲ್ಲ. ಹುಡುಗನು ರಂಧ್ರವನ್ನು ಶುಚಿಗೊಳಿಸಿ ಹಗ್ಗ ಎಳೆದನು. ಎಂಜಿನ್ನು ಹೊರಟಿತು, ಸಂಜೆಯವರೆಗೆ ನಿಲ್ಲಲಿಲ್ಲ. ಸ್ಪ್ಯಾನರು ಬಿಚ್ಚದ ಗಂಟನ್ನು ವಿಚಾರವು ಬಿಚ್ಚಿತ್ತು.